ನನ್ ಕೈಗೆ ಬಂದಿಲ್ವಲ್ಲ ಮೇಡಂ

"ಸಿಸ್ಟಮ್‌ನಲ್ಲಿ ಆಗಿದೆ ಅಂತೀರ. ನನ್ ಕೈಗೆ ಬಂದಿಲ್ವಲ್ಲ ಮೇಡಂ."

ಸೋಮವಾರ ಬೆಳಿಗ್ಗೆ ಡಿಸೈನ್ ಆಫೀಸಿನ ಬಾಗಿಲಲ್ಲಿ ನಿಂತು ಅಣ್ಣ ಹೇಳಿದ ಮಾತು ಇದು. ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಅವರು ಲೋಹ ಕೊರೆಯುವ ವಿಎಂಸಿ ಮಷೀನ್ ನಡೆಸುತ್ತಾರೆ. ಶೂಗೆ ಕೂಲೆಂಟ್ ಅಂಟಿದೆ ಅಂತ ಒಳಗೆ ಬರಲಿಲ್ಲ. ಕೈಯಲ್ಲಿ ಹಳೆಯ ರಿವಿಷನ್ ಬಿ ಡ್ರಾಯಿಂಗ್ ಇತ್ತು. ತಿದ್ದಿದ ರಿವಿಷನ್ ಸಿ ಶುಕ್ರವಾರ ಸಂಜೆಯೇ ರಿಲೀಸ್ ಆಗಿದೆ ಅಂತ ನಾನು ಸ್ಕ್ರೀನ್ ತಿರುಗಿಸಿ ತೋರಿಸಿದೆ. ಹಸಿರು ಟಿಕ್ ಇತ್ತು. ಅದನ್ನು ನೋಡಿದ ಮೇಲೆಯೇ ಅವರು ಹಾಗಂದಿದ್ದು. ದನಿ ಏರಿಸಲಿಲ್ಲ. ಅದೇ ನನ್ನನ್ನು ಜಾಸ್ತಿ ಚುಚ್ಚಿತು.

ಬದಲಾವಣೆ ಚಿಕ್ಕದೇ. ಬೇರಿಂಗ್ ಹೌಸಿಂಗ್ ಒಂದರಲ್ಲಿ 6306 ನಂಬರಿನ ಬೇರಿಂಗ್ ತೆಗೆದು 6206 ಹಾಕಲು ತೀರ್ಮಾನವಾಗಿತ್ತು. ಎರಡಕ್ಕೂ ಶಾಫ್ಟ್ 30 ಮಿಲಿಮೀಟರ್. ಆದರೆ ಹೊರಗಿನ ಅಳತೆ 72ರಿಂದ 62ಕ್ಕೆ ಇಳಿಯುತ್ತದೆ. ಹಳೆ ಡ್ರಾಯಿಂಗ್ ನೋಡಿ ಬೋರ್ ಮಾಡಿದ್ದರೆ ಹೌಸಿಂಗ್‌ನ 14 ಕಾಸ್ಟಿಂಗ್ ಹಾಳಾಗುತ್ತಿದ್ದವು. ಕೊರೆದ ಲೋಹವನ್ನು ಮತ್ತೆ ತುಂಬಲು ಆಗಲ್ಲ ಅಲ್ವಾ? ಏನೋ ಬದಲಾಗಿದೆಯಂತೆ ಅಂತ ಅಣ್ಣನ ಕಿವಿಗೆ ಬಿದ್ದದ್ದು ಕ್ಯಾಂಟೀನಿನಲ್ಲಿ. ಅಷ್ಟರ ಮೇಲೆ ಅವರು ಮಷೀನ್ ನಿಲ್ಲಿಸಿದ್ದರು. ಶನಿವಾರ ಪೂರ್ತಿ ನಿಂತಿತ್ತು. ಮಷೀನ್ ಯಾಕೆ ಖಾಲಿ ಅಂತ ಸೂಪರ್‌ವೈಸರ್ ಎಲ್ಲರ ಮುಂದೆ ಬೈದರಂತೆ. ಅಣ್ಣ ಇದನ್ನು ನನಗೆ ಹೇಳಲಿಲ್ಲ, ಪಕ್ಕದ ಲೇತ್ ಹುಡುಗ ಹೇಳಿದ. ಬೈದವರು ಒಂದು ಸಲ ಮೇಲೆ ಬಂದು ನಮ್ಮನ್ನು ಕೇಳಬಹುದಿತ್ತು.

ಸುಮ್ನೆ ಒಂದು ಪ್ರಿಂಟ್ ತೆಗೆದು ಕೊಡಬಹುದಿತ್ತಲ್ಲ ಅನ್ನಿಸಬಹುದು. ಕೊಡುವ ಹಾಗಿಲ್ಲ. ಪಬ್ಲಿಷ್ ಆಗಿ, ಅಂದರೆ ಒಂದು ಕಂಪ್ಯೂಟರ್ ತಾನೇ ಪಿಡಿಎಫ್ ಮಾಡಿ, ಸೀಲ್ ಬಿದ್ದದ್ದು ಮಾತ್ರ ಕೆಳಗೆ ಮಷೀನ್‌ಗಳ ಹತ್ತಿರ ಹೋಗಬೇಕು. ಆ ನಿಯಮ ಸರಿಯಾದದ್ದೇ. ಕೈಪ್ರಿಂಟ್‌ಗಳು ಓಡಾಡಿದರೆ ಯಾವ ಮಷೀನಿನ ಮೇಲೆ ಯಾವ ರಿವಿಷನ್ ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ತೊಂದರೆ ಇದ್ದದ್ದು ಪಬ್ಲಿಷ್ ಮಾಡುವ ಕಂಪ್ಯೂಟರಿನ ಮುಂದಿನ ಸಾಲಿನಲ್ಲಿ. ಸುಮಾರು 1,900 ಫೈಲು ಕಾಯುತ್ತಿದ್ದವು. ಅಣ್ಣನ ಡ್ರಾಯಿಂಗ್ ಸಾವಿರದ ಆಚೆ ಎಲ್ಲೋ ಇತ್ತು.

ದೊಡ್ಡ ಸರ್ವರ್ ತರಿಸೋಣ ಅಂದರು ಮ್ಯಾನೇಜರ್. ಅವರು ಒಳ್ಳೆಯವರು, ದುಡ್ಡು ಖರ್ಚು ಮಾಡಲು ಹಿಂಜರಿಯುವವರಲ್ಲ. ಆದರೆ ಏನೇ ನಿಧಾನವಾದರೂ ಅವರಿಗೆ ಹೊಸದು ಕೊಳ್ಳುವುದೇ ಹೊಳೆಯುತ್ತದೆ. ನಾನು ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಪ್ರೊಸೆಸರ್ ಬಳಕೆ 12 ಪರ್ಸೆಂಟ್. ಅದರ ಎಂಟು ಕೋರ್‌ಗಳಲ್ಲಿ ಒಂದು ದುಡಿಯುತ್ತಿತ್ತು, ಏಳು ಸುಮ್ಮನಿದ್ದವು. ಡ್ರಾಯಿಂಗ್ ಬರೆಯುವ ಕ್ಯಾಡ್ ಸಾಫ್ಟ್‌ವೇರ್‌ನ ಬಹುಪಾಲು ಕೆಲಸ ಒಂದೇ ಕೋರ್ ಮೇಲೆ ನಡೆಯುತ್ತದೆ. ಕೋರ್ ಹೆಚ್ಚಿಸಿ ಏನು ಪ್ರಯೋಜನ?

ಅವತ್ತು ಮಧ್ಯಾಹ್ನವೆಲ್ಲ ಆ ಕಂಪ್ಯೂಟರಿನ ಲಾಗ್, ಅಂದರೆ ಕೆಲಸದ ದಾಖಲೆ, ಓದಿದೆ. ಒಂದು ಡ್ರಾಯಿಂಗ್‌ಗೆ ಸರಾಸರಿ ನಾಲ್ಕು ನಿಮಿಷ. ಅದರಲ್ಲಿ ಪಿಡಿಎಫ್ ಮಾಡಲು ಹಿಡಿದದ್ದು ಹತ್ತು ಸೆಕೆಂಡು ಮಾತ್ರ! ಉಳಿದದ್ದೆಲ್ಲ ಪ್ರತಿ ಸಲ ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಲು, ಡ್ರಾಯಿಂಗ್‌ಗೆ ಸೇರಿದ ಪಾರ್ಟ್‌ಗಳನ್ನೆಲ್ಲ ಫೈಲುಗಳನ್ನಿಡುವ ವಾಲ್ಟ್‌ನಿಂದ ಹೊಸದಾಗಿ ಎಳೆದು ತರಲು. ನಾಲ್ಕು ನಿಮಿಷದ ಲೆಕ್ಕದಲ್ಲಿ ಹಗಲು ರಾತ್ರಿ ಓಡಿದರೂ ದಿನಕ್ಕೆ 360. ಬರುತ್ತಿದ್ದದ್ದು 500. ಸಾಲು ಕರಗುವುದಾದರೂ ಹೇಗೆ?

ಇಷ್ಟೊಂದು ಯಾಕೆ ಬರುತ್ತಿತ್ತು? ಯಾರು ಚೆಕ್‌ಇನ್ ಮಾಡಿದರೂ, ಅಂದರೆ ಫೈಲನ್ನು ವಾಲ್ಟ್‌ಗೆ ವಾಪಸ್ ಇಟ್ಟರೂ, ಅದು ಪಬ್ಲಿಷ್‌ಗೆ ಹೋಗುವಂತೆ ವರ್ಷಗಳ ಹಿಂದೆ ಯಾರೋ ಇಟ್ಟಿದ್ದರು. ಅರ್ಧ ಮುಗಿದ ಡ್ರಾಯಿಂಗ್ ಕೂಡ. ಒಬ್ಬರು ದಿನಕ್ಕೆ ಎಂಟು ಸಲ ಚೆಕ್‌ಇನ್ ಮಾಡಿದರೆ ಒಂದೇ ಡ್ರಾಯಿಂಗ್ ಎಂಟು ಸಲ ಸಾಲಿನಲ್ಲಿ. ಅದರ ಮೇಲೆ, ಹೋದ ವಾರ ಡ್ರಾಯಿಂಗ್ ಮೂಲೆಯ ಟೈಟಲ್ ಬ್ಲಾಕ್‌ನಲ್ಲಿ ವಿಳಾಸ ಬದಲಿಸಿ, ಹಳೆ ಡ್ರಾಯಿಂಗ್‌ಗಳನ್ನೆಲ್ಲ ಒಟ್ಟಿಗೆ ಚೆಕ್‌ಇನ್ ಮಾಡಲಾಗಿತ್ತು. ಸಾಲದ್ದಕ್ಕೆ ಶನಿವಾರ ರಾತ್ರಿ ಒಂದು ಫಾಂಟ್ ಸಿಗದೆ ಸ್ಕ್ರೀನ್ ಮೇಲೆ ಒಂದು ಬಾಕ್ಸ್ ಬಂದು ನಿಂತಿದೆ. ಓಕೆ ಒತ್ತಲು ಅಲ್ಲಿ ಯಾರಿದ್ದಾರೆ? ಭಾನುವಾರ ಪೂರ್ತಿ ಹಾಗೇ ಹೋಗಿದೆ.

ಸೋಮವಾರ ರಾತ್ರಿಯೇ ಶುರು ಮಾಡಿದೆ. ರಿಲೀಸ್ ಆದದ್ದು ಮಾತ್ರ ಪಬ್ಲಿಷ್‌ಗೆ ಹೋಗಲಿ. ಒಂದೇ ಡ್ರಾಯಿಂಗ್ ಹಲವು ಸಲ ಇದ್ದರೆ ಕೊನೆಯದೊಂದು ಸಾಕು. ದೊಡ್ಡ ಅಸೆಂಬ್ಲಿಗಳು ರಾತ್ರಿಗೆ. ಪಾರ್ಟ್‌ಗಳ ಪ್ರತಿ ಆ ಕಂಪ್ಯೂಟರಿನಲ್ಲೇ ಉಳಿಯಲಿ. ಸಾಫ್ಟ್‌ವೇರ್ 30 ಡ್ರಾಯಿಂಗ್‌ಗೆ ಒಮ್ಮೆ ಮುಚ್ಚಿ ತೆರೆದರೆ ಸಾಕು. ಮುಚ್ಚದೇ ಬಿಟ್ಟರೆ ಮೆಮೊರಿ ತುಂಬುತ್ತದೆ. ಐದು ನಿಮಿಷ ಉತ್ತರ ಕೊಡದ ಜಾಬ್ ಪಕ್ಕಕ್ಕೆ ಹೋಗಿ ನನಗೆ ಮೆಸೇಜ್ ಬರಲಿ. ಒಬ್ಬ ಡಿಸೈನರ್ ಮಾತ್ರ, ತನ್ನ ಫೈಲುಗಳನ್ನು ಸಾಲಿನಿಂದ ತೆಗೆದದ್ದಕ್ಕೆ ಬೇಸರ ಮಾಡಿಕೊಂಡ. ಕೆಲಸದಲ್ಲಿ ಚುರುಕಿನ ಹುಡುಗ. ಆದರೆ ಎರಡು ವರ್ಷದಲ್ಲಿ ಒಮ್ಮೆಯೂ ಕೆಳಗಿಳಿದು ತಾನು ಬರೆದದ್ದನ್ನು ಯಾರು ಮಾಡುತ್ತಾರೆ ಅಂತ ನೋಡಿಲ್ಲ. 1,900ರಲ್ಲಿ ನಿಜಕ್ಕೂ ಬೇಕಿದ್ದದ್ದು 210. ಮಂಗಳವಾರ ಎರಡೂವರೆ ಗಂಟೆಯಲ್ಲಿ ಮುಗಿದವು.

ಆದರೂ ಅಣ್ಣನ ಮಾತು ತಲೆಯಿಂದ ಹೋಗುತ್ತಿಲ್ಲ. ನನ್ ಕೈಗೆ ಬಂದಿಲ್ವಲ್ಲ. ಇದೇ ಮಾತನ್ನು ನಮ್ಮಪ್ಪ ಆರು ತಿಂಗಳು ಒಂದು ಕಚೇರಿಯ ಕಿಟಕಿ ಮುಂದೆ ಹೇಳಿದ್ದರು. ಪಹಣಿಯಲ್ಲಿ ಹೆಸರು ತಿದ್ದಬೇಕಿತ್ತು. "ಸಿಸ್ಟಮ್‌ನಲ್ಲಿ ಆಗಿದೆ, ಹೋಗಿ" ಅನ್ನುತ್ತಿದ್ದರಂತೆ. ಊರಿಗೆ ಬಂದು ನೋಡಿದರೆ ಕಾಗದದಲ್ಲಿ ಹಳೆ ಹೆಸರೇ. ಆ ಕಿಟಕಿಯ ಒಳಗೆ ಕೂತವರ ಮೇಲೆ ನನಗೆ ಎಷ್ಟು ಸಿಟ್ಟಿತ್ತು! ಸೋಮವಾರ ನಾನು ಸ್ಕ್ರೀನ್ ತಿರುಗಿಸಿ ತೋರಿಸಿದೆನಲ್ಲ, ನಾನೂ ಕೂತಿದ್ದದ್ದು ಅಲ್ಲೇ. ಹಸಿರು ಟಿಕ್ ನನ್ನ ಕೆಲಸ ಮುಗಿದದ್ದಕ್ಕೆ ಗುರುತು. ಅಣ್ಣನ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

ಗುರುವಾರ ಊಟವಾದ ಮೇಲೆ ಕೆಳಗೆ ಹೋದೆ. ಹೌಸಿಂಗ್‌ಗಳು ಸಾಲಾಗಿ ಕೂತಿದ್ದವು, 14ರಲ್ಲಿ 11 ಮುಗಿದಿದ್ದವು. ಪಕ್ಕದಲ್ಲಿ ರಿವಿಷನ್ ಸಿ, ಅಂಚಿಗೆ ಆಗಲೇ ಎಣ್ಣೆ ಹತ್ತಿತ್ತು. ಅಣ್ಣ ಏನೂ ಹೇಳಲಿಲ್ಲ. ಕೈ ಒರೆಸಿಕೊಂಡು ಒಂದು 6206 ತೆಗೆದು, ಬೋರ್ ಮೇಲಿಟ್ಟು, ಎರಡೂ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರು. ನೇರವಾಗಿ ಇಳಿದು ಕೂತಿತು.