ನಾನು ‘ಆಸಕ್ತಿ ಇಲ್ಲ’ ಎಂದು ಬರೆದ ಹುಡುಗ

“ಯಾರನ್ನ ಕೇಳಿ ಕತ್ತಿ ಮುಟ್ಟಿದೆ?”

ಹೋದ ದಸರಾ ರಜೆಯಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನಿಗೆ ನಾನು ಹೇಳಿದ ಮಾತು ಇದು. ಹೇಳಿದ್ದಲ್ಲ, ಕಿರುಚಿದ್ದು. ಇವತ್ತಿಗೂ ನೆನಪಾದರೆ ಹೊಟ್ಟೆಯೊಳಗೆ ಏನೋ ಚುಚ್ಚಿದ ಹಾಗೆ ಆಗುತ್ತದೆ.

ತೀರ್ಥಹಳ್ಳಿ ಕಡೆಯ ಒಂದು ಕ್ಯಾಂಪಿನಲ್ಲಿ ನಾನು ಲೀಡ್ ಇನ್‌ಸ್ಟ್ರಕ್ಟರ್. ಒಂಬತ್ತು ವರ್ಷದಿಂದ ಇದೇ ಕೆಲಸ. ಆ ಬ್ಯಾಚಿನಲ್ಲಿ 24 ಮಕ್ಕಳು. ಎರಡನೇ ದಿನ ಮಧ್ಯಾಹ್ನ ಫೈರ್ ಸೆಷನ್. ಕಾಡಿನೊಳಗೆ ಬೆಂಕಿ ಹಾಕುವಂತಿಲ್ಲ, ಹಾಗಾಗಿ ಅದು ಯಾವಾಗಲೂ ನಮ್ಮ ತೋಟದ ಶೆಡ್ಡಿನಲ್ಲೇ. ಶೆಡ್ಯೂಲ್ ಪ್ರಕಾರ 45 ನಿಮಿಷ. 24 ಮಕ್ಕಳಿಗೆ ಮೂರು ಫೆರೋ ರಾಡ್, ಅಂದರೆ ಗೀಚಿದರೆ ಕಿಡಿ ಹಾರಿಸುವ ಲೋಹದ ಸಣ್ಣ ಸರಳು. ಲೆಕ್ಕ ಹಾಕಿ ನೋಡಿ, ಒಬ್ಬೊಬ್ಬರ ಕೈಗೆ ಎಷ್ಟು ಹೊತ್ತು ಸಿಗುತ್ತದೆ? ಇದನ್ನು ಮೇಲಿನವರಿಗೆ ಎಷ್ಟು ಸಲ ಹೇಳಿದ್ದೇನೋ ಗೊತ್ತಿಲ್ಲ. ಅವರಿಗೆ ಸೆಷನ್ ನಡೆದಿದೆ ಎಂಬ ಫೋಟೋ ಸಿಕ್ಕರೆ ಸಾಕು.

ಆ ದಿನ ನಾನು ಚೆನ್ನಾಗಿಯೇ ಮಾತಾಡಿದೆ. ಈ ರಾಡಿನ ಲೋಹವನ್ನು 1903ರಲ್ಲಿ ಆಸ್ಟ್ರಿಯಾದ ಒಬ್ಬ ವಿಜ್ಞಾನಿ ಮಾಡಿದ್ದು, ಸಿಗರೇಟ್ ಲೈಟರಿನ ಕಲ್ಲೂ ಇದೇ ಜಾತಿಯದ್ದು, ಕಿಡಿಯ ಬಿಸಿ ಸುಮಾರು 3 ಸಾವಿರ ಡಿಗ್ರಿ ಎಂದೆಲ್ಲ ಹೇಳಿದೆ. ವ್ಯಾಸಲೀನ್ ಸವರಿದ ಹತ್ತಿಗೆ ಕಿಡಿ ಬಿತ್ತು, ಭಗ್ಗನೆ ಹತ್ತಿಕೊಂಡಿತು. ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬ ಹುಡುಗ ಮಾತ್ರ ತಲೆ ತಿರುಗಿಸಿ ಹೊರಗೆ ಮಳೆ ನೋಡುತ್ತಿದ್ದ. ಅವನ ಸರದಿ ಬಂದಾಗ ರಾಡನ್ನು ಎರಡು ಸಲ ಗೀಚಿ ಪಕ್ಕದವನಿಗೆ ಕೊಟ್ಟುಬಿಟ್ಟ. ನಾನು ಶೀಟಿನಲ್ಲಿ ಅವನ ಹೆಸರಿನ ಮುಂದೆ ಬರೆದೆ: ಆಸಕ್ತಿ ಇಲ್ಲ.

4.40ಕ್ಕೆ ಹೆಡ್‌ಕೌಂಟ್. 23.

ಮತ್ತೆ ಎಣಿಸಿದೆ. 23. ಅವನ ಜೋಡಿ ಹುಡುಗನನ್ನು ಕೇಳಿದರೆ, “ಟಾಯ್ಲೆಟ್‌ಗೆ ಹೋಗ್ತೀನಿ ಅಂದ ಸರ್, ಆಗ್ಲೇ” ಎಂದ. ಟಾಯ್ಲೆಟ್ ಖಾಲಿ. ಡಾರ್ಮ್ ಖಾಲಿ. ಮಳೆ ನಿಂತು ಹತ್ತು ನಿಮಿಷ ಆಗಿರಬಹುದು, ಕೆಳಗೆ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಅದರ ಸದ್ದು ಮೊದಲ ಸಲ ಅಷ್ಟು ಜೋರಾಗಿ ಕೇಳಿಸಿತು. ವಾಕಿಟಾಕಿ ಎತ್ತಿದರೆ ಬರೀ ಗೊರಗೊರ, ಗುಡ್ಡದ ಈಚೆ ಅದು ಯಾವತ್ತೂ ಹಿಡಿಯುವುದಿಲ್ಲ. ಜೊತೆಯವನನ್ನು ಗೇಟಿನ ಕಡೆ ಓಡಿಸಿದೆ. ನಾನು ಹಳ್ಳದ ಕಡೆ ಓಡಿದೆ. ಸೀಟಿ ಊದುತ್ತಲೇ ಇದ್ದೆ, ಮೂರು ಸಲ, ಬಿಟ್ಟು ಮೂರು ಸಲ. ದಂಡೆಯ ಕೆಸರಿನಲ್ಲಿ ಸಣ್ಣ ಹೆಜ್ಜೆ ಇದೆಯಾ ಎಂದು ಬಗ್ಗಿ ಹುಡುಕಿದೆ. ಇರಲಿಲ್ಲ. ಅವನ ಅಮ್ಮನಿಗೆ ಫೋನಿನಲ್ಲಿ ಏನು ಹೇಳಬೇಕು ಎಂದು ತಲೆಯೊಳಗೆ ವಾಕ್ಯ ಜೋಡಿಸುತ್ತಿದ್ದೆ. ಕಾಲಿಗೆ ಇಂಬಳ ಹತ್ತಿದ್ದು ರಾತ್ರಿಯವರೆಗೂ ಗೊತ್ತಾಗಲಿಲ್ಲ.

ವಾಪಸ್ ಬರುವಾಗ ಅಡುಗೆಮನೆ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಟಕ್ ಟಕ್ ಸದ್ದು. ಹುಡುಗ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ನಮ್ಮ ಸೌದೆ ಒಡೆಯುವ ಅಜ್ಜ. ಹುಡುಗನ ಕೈಯಲ್ಲಿ ಕತ್ತಿ. ಒದ್ದೆ ಕೊರಡನ್ನು ಸೀಳಿ, ಒಳಗಿನ ಒಣ ತಿರುಳನ್ನು ತೆಳ್ಳಗೆ ಹೆರೆಯುತ್ತಿದ್ದ. ಚೂರುಗಳು ಸುರುಳಿ ಸುರುಳಿಯಾಗಿ ಮಂಡಿ ಮುಂದೆ ಬಿದ್ದಿದ್ದವು. ಕಾಲು ದೂರ ಇಟ್ಟು, ಕತ್ತಿಯನ್ನು ಮೈಯಿಂದ ಆಚೆಗೇ ಎಳೆಯುತ್ತಿದ್ದ. ಅಜ್ಜ ಸರಿಯಾಗಿಯೇ ಕಲಿಸಿದ್ದ. ಹುಡುಗನ ನಾಲಗೆಯ ತುದಿ ಹಲ್ಲಿನ ನಡುವೆ ಇತ್ತು, ಕಣ್ಣು ಅಲ್ಲಾಡುತ್ತಿರಲಿಲ್ಲ. ಅಷ್ಟು ಜೋರಾಗಿ ಊದಿದ ಸೀಟಿ ಅವನಿಗೆ ಕೇಳಿಸಿಯೇ ಇರಲಿಲ್ಲ.

ಇದನ್ನೆಲ್ಲ ನಾನು ಆಮೇಲೆ ನೆನಪು ಮಾಡಿಕೊಂಡದ್ದು. ಆಗ ಕಂಡದ್ದು ಕತ್ತಿ ಮಾತ್ರ. ಕಿತ್ತುಕೊಂಡೆ. ಆ ಮಾತು ಕಿರುಚಿದೆ. ಹುಡುಗನ ಮುಖ ಬಿಳುಚಿಕೊಂಡಿತು.

“ಬೈಬೇಡಿ ಮಾರಾಯ್ರೆ, ಕೊಟ್ಟದ್ದು ನಾನೇ” ಎಂದ ಅಜ್ಜ. “ಮಳೆಗೆ ನೆಂದ ಸೌದೆ ಹೆಂಗೆ ಹತ್ತುತ್ತೆ ಅಂತ ಕೇಳ್ದ. ತೋರಿಸ್ದೆ.”

ಆ ಪ್ರಶ್ನೆಯನ್ನು ಶೆಡ್ಡಿನಲ್ಲಿ ಯಾರೂ ಕೇಳಿರಲಿಲ್ಲ. ಕೇಳಲು ನಾನು ಜಾಗವನ್ನೂ ಬಿಟ್ಟಿರಲಿಲ್ಲ.

ಹೇಳದೆ ಹೋದದ್ದು ತಪ್ಪು, ಅದನ್ನು ಅವನಿಗೆ ಹೇಳಲೇಬೇಕಿತ್ತು. ಹೆಡ್‌ಕೌಂಟ್ ವಿಷಯದಲ್ಲಿ ನಾನು ಇವತ್ತಿಗೂ ಒಂಚೂರೂ ಸಡಿಲ ಬಿಡುವುದಿಲ್ಲ. ಆದರೆ ನನ್ನ ಹೆದರಿಕೆಯನ್ನೆಲ್ಲ ಅವನ ಕೈಯ ಕೆಲಸದ ಮೇಲೆ ಸುರಿದೆ. ಮೊದಲು ಉಸಿರು ಬಿಟ್ಟು ಪಕ್ಕದಲ್ಲಿ ಕೂತು, “ತೋರಿಸು ನೋಡೋಣ” ಎಂದಿದ್ದರೆ ಆಗುತ್ತಿತ್ತು. ಆಮೇಲೆ ಹೇಳಬೇಕಾದ್ದು ಹೇಳಬಹುದಿತ್ತು. ರಾತ್ರಿ ಹೋಗಿ ಕ್ಷಮೆ ಕೇಳಿದೆ. “ಪರವಾಗಿಲ್ಲ ಸರ್” ಎಂದ. ಉಳಿದ ಎರಡು ದಿನ ಹಗ್ಗ ಕೊಟ್ಟರೂ ಮುಟ್ಟಲಿಲ್ಲ. ಕ್ಯಾಂಪ್‌ಫೈರ್ ದಿನ ಹಿಂದಿನ ಸಾಲಿನಲ್ಲಿ ಜಾಕೆಟ್ ಜೇಬಿಗೆ ಕೈ ಹಾಕಿಕೊಂಡು ಕೂತಿದ್ದ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ‘ಅತ್ಯಂತ ಇಷ್ಟವಾದ ಚಟುವಟಿಕೆ’ ಎಂಬ ಕಡೆ ಎರಡೇ ಪದ ಬರೆದಿದ್ದ: ಸೌದೆ ಅಜ್ಜ.

ನನಗೆ ಈ ಬೆಂಕಿ, ಕಾಡಿನ ಹುಚ್ಚು ಹಿಡಿದದ್ದು ಹೇಗೆ ಎಂದು ಆ ರಾತ್ರಿ ಯೋಚಿಸುತ್ತಾ ಮಲಗಿದೆ. ಬಚ್ಚಲೊಲೆಯಿಂದ. ಆಷಾಢದ ಮಳೆಯಲ್ಲಿ ಹಂಡೆಗೆ ಬೆಂಕಿ ಹಾಕುವ ಕೆಲಸವನ್ನು ಅಜ್ಜಿ ನನಗೆ ಬಿಟ್ಟಿದ್ದಳು. ಅಡಿಕೆ ಸೋಗೆ, ತೆಂಗಿನ ನಾರು, ಊದುಗೊಳವೆ, ಕಣ್ತುಂಬ ಹೊಗೆ. ಎಷ್ಟೋ ದಿನ ಹತ್ತುತ್ತಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳೇ ಹೊರತು ಕೈ ಹಾಕುತ್ತಿರಲಿಲ್ಲ. ಆಮೇಲೆ ಶಾಲೆಯ ಸ್ಕೌಟ್ ಮೇಷ್ಟ್ರು ಎರಡೇ ಎರಡು ಬೆಂಕಿಕಡ್ಡಿ ಕೊಟ್ಟು ಬೆಂಕಿ ಮಾಡಿ ಎಂದಾಗ ನನ್ನದು ಮೊದಲ ಕಡ್ಡಿಗೇ ಹತ್ತಿತ್ತು. ನಾನು ಕೇಳಿ ನೋಡಿದ ಸಹೋದ್ಯೋಗಿಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ. ಒಬ್ಬಳಿಗೆ ಮಾವನ ಜೊತೆ ಏಡಿ ಹಿಡಿದದ್ದು, ಇನ್ನೊಬ್ಬನಿಗೆ ದನ ಕಾಯುವಾಗ ಕಾರೆಹಣ್ಣು ಹುಡುಕಿದ್ದು. ಡೆಮೋ ನೋಡಿ ಬಂದೆ ಎಂದವರು ಒಬ್ಬರೂ ಸಿಗಲಿಲ್ಲ.

ಈಗ ನಾನು ಮೊದಲು ಮಾತಾಡುವುದಿಲ್ಲ. ಇಬ್ಬಿಬ್ಬರಿಗೆ ಒಂದು ಒದ್ದೆ ಕೊರಡು, ಎರಡು ಕಡ್ಡಿ. ಸೀಳುವುದು ನಮ್ಮ ಕಣ್ಣೆದುರೇ, ನಾಲ್ಕು ಮಕ್ಕಳಿಗೆ ಒಬ್ಬರು ದೊಡ್ಡವರು. ಒಂದೂವರೆ ಗಂಟೆ ಬೇಕು, ಅದಕ್ಕಾಗಿ ಜಿಪ್‌ಲೈನ್ ಸ್ಲಾಟ್ ಬಿಡಿಸಿದ್ದಕ್ಕೆ ಆಫೀಸಿನಲ್ಲಿ ಇನ್ನೂ ಜಗಳ ನಡೆಯುತ್ತಿದೆ. ಅಜ್ಜ ಬೈನೆ ಮರದ ಸೋಗೆ ಬುಡದಿಂದ ಕಂದು ಬಣ್ಣದ ಹತ್ತಿಯಂಥದ್ದು ಕೆರೆದು ತರುತ್ತಾನೆ. ಅವನ ಅಪ್ಪ ಬೀಡಿ ಹಚ್ಚಲು ಚಕಮಕಿ ಕಲ್ಲಿನ ಜೊತೆ ಇದನ್ನೇ ಸೊಂಟದ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದನಂತೆ. ಫೆರೋ ರಾಡಿನ ಕಿಡಿಯನ್ನೂ ಅದು ಚೆನ್ನಾಗಿ ಹಿಡಿಯುತ್ತದೆ. ವ್ಯಾಸಲೀನ್ ಡಬ್ಬಿ ತೆಗೆಯುವುದನ್ನೇ ಬಿಟ್ಟಿದ್ದೇವೆ.

ರಿಜಿಸ್ಟರಿನಲ್ಲಿ ಅಜ್ಜ ಇನ್ನೂ ‘ಕಿಚನ್ ಹೆಲ್ಪರ್’. ಅವನಿಗೂ ಇನ್‌ಸ್ಟ್ರಕ್ಟರ್ ಸಂಬಳ ಕೊಡಿ ಎಂದು ಜನವರಿಯಲ್ಲಿ ಬರೆದು ಕೊಟ್ಟೆ, ಉತ್ತರ ಬಂದಿಲ್ಲ. ಈ ಸೋಮವಾರ ಮತ್ತೆ ಕೇಳುತ್ತೇನೆ, ಆ ಹುಡುಗನ ಫಾರ್ಮನ್ನೂ ಜೊತೆಗೆ ಇಟ್ಟು.