ಗ್ರೇನೇಜಲ್ಲಿ ತಾಯಿ ಚಿಟ್ಟೆನೇ ಬಾಸ್

ರೇಷ್ಮೆ ಮೊಟ್ಟೆ ತಯಾರು ಮಾಡೋ ಗ್ರೇನೇಜಲ್ಲಿ ನಂದು ಕೆಲಸ, ಒಂಥರಾ ಮದುವೆ ಬ್ರೋಕರ್ ಕೆಲಸ ಅಂತಾನೇ ಅನ್ನಿ. ಹೆಣ್ಣು ಮೈಸೂರು ತಳಿ, ಬಿತ್ತನೆ ಗೂಡು ಮಾಗಡಿ ಕುಣಿಗಲ್ ಕಡೆಯಿಂದ ಬರುತ್ತೆ, ಗಂಡು ಸಿಎಸ್‌ಆರ್-2 ಅನ್ನೋ ಬೇರೆ ತಳಿ, ಇವೆರಡು ಕೂಡಿದ್ರೆ ಹೈಬ್ರಿಡ್ ಮೊಟ್ಟೆ. ಹೊಸಬರೆಲ್ಲಾ ಕೇಳೋದು ಒಂದೇ, ಉಲ್ಟಾ ಯಾಕ್ ಮಾಡಲ್ಲ ಸಾರ್ ಅಂತ. ಮಾಡಬಹುದು, ಆದ್ರೆ ಮೊಟ್ಟೆ ನಿದ್ದೆ ಹೋಗುತ್ತೋ ಇಲ್ವೋ ಅನ್ನೋದು ತಾಯಿ ಕಡೆಯಿಂದ ಬರೋ ಗುಣ. ಮೈಸೂರು ತಾಯಿ ಇಟ್ಟಿದ್ದು ಹತ್ತು ದಿನದ ಆಸುಪಾಸಿಗೆ ತಾನಾಗೇ ಒಡೆಯುತ್ತೆ, ಅದೇ ಸಿಎಸ್‌ಆರ್ ತಾಯಿದಾದ್ರೆ ಕಪ್ಪಗಾಗಿ ತಿಂಗಳುಗಟ್ಟಲೆ ಮಲಗಿಬಿಡುತ್ತೆ, ಬೇಗ ಒಡೀಬೇಕು ಅಂದ್ರೆ ಇಟ್ಟ ಒಂದು ದಿನದೊಳಗೆ 46 ಡಿಗ್ರಿ ಬಿಸಿ ಆಸಿಡ್‌ನಲ್ಲಿ 5 ನಿಮಿಷ ಅದ್ದಬೇಕು.

ಇಲ್ಲಿ ನಿಜವಾದ ತಲೆನೋವು ಹೆಣ್ಣು ಗಂಡು ಬೇರೆ ಮಾಡೋದು. ಗೂಡಿನೊಳಗಿರೋ ಕೋಶ (ಪ್ಯೂಪಾ) ತಿರುಗಿಸಿ ಹೊಟ್ಟೆ ಕಡೆ ನೋಡಿದ್ರೆ ಹೆಣ್ಣಿಗೆ ಎಂಟನೇ ಪಟ್ಟೀಲಿ ಇಂಟು ಮಾರ್ಕ್ ತರ ಗೆರೆ, ಗಂಡಿಗೆ ಒಂಬತ್ತನೇದ್ರಲ್ಲಿ ಸಣ್ಣ ಚುಕ್ಕಿ. ಇದನ್ನ ಚಿಟ್ಟೆ ಬರೋಕೆ ಮುಂಚೆನೇ ಮುಗಿಸ್ಬೇಕು, ಯಾಕಂದ್ರೆ ಬೆಳಗಿನ ಜಾವ ಲೈಟ್ ಹಾಕಿದ್ ತಕ್ಷಣ ಚಿಟ್ಟೆಗಳು ದಬದಬ ಅಂತ ಹೊರಗೆ ಬರ್ತವೆ, ಹೆಣ್ಣು ಕೂತಲ್ಲೇ ಹಿಂಬದಿಯ ಗ್ರಂಥಿ ಹೊರಗೆ ಹಾಕಿ ವಾಸನೆ ಬಿಡುತ್ತೆ (ಬಾಂಬಿಕಾಲ್ ಅಂತ, 1959ರಲ್ಲಿ ಜರ್ಮನಿಯ ಬೂಟೆನಾಂಟ್ ಕಂಡುಹಿಡಿದಿದ್ದು), ಗಂಡು ರೆಕ್ಕೆ ಪಟಪಟ ಬಡ್ಕೊಂಡು ಸುತ್ತೋಕೆ ಶುರು. ಟ್ರೇನಲ್ಲಿ ಅದೇ ತಳಿ ಗಂಡು ಒಂದು ಉಳಿದಿದ್ರೂ ನಿಮ್ಮನ್ನ ಕೇಳ್ಕೊಂಡು ಜೋಡಿ ಆಗಲ್ಲ, ಆಮೇಲೆ ಆ ಮೊಟ್ಟೆ ಹೈಬ್ರಿಡ್ಡೂ ಅಲ್ಲ. ಪಾಪ ಈ ಚಿಟ್ಟೆಗೆ ಹಾರೋಕೂ ಬರಲ್ಲ, ತಿನ್ನೋಕೆ ಬಾಯೂ ಇಲ್ಲ, ಬದುಕಿರೋದೇ ಇದಕ್ಕೆ.

ಜೋಡಿನ ಮೂರ್ನಾಲ್ಕು ಗಂಟೆ ಮಂದ ಬೆಳಕಲ್ಲಿ ಅಲುಗಾಡಿಸದೆ ಬಿಡಿ. ಬಿಡಿಸುವಾಗ ಗಂಡನ್ನ ಮೆಲ್ಲಗೆ ಪಕ್ಕಕ್ಕೆ ತಿರುಗಿಸ್ಬೇಕು, ಎಳೆದ್ರೆ ಹೆಣ್ಣಿಗೆ ಗಾಯ ಆಗಿ ಮೊಟ್ಟೆ ಸರಿಯಾಗಿ ಇಡಲ್ಲ. ಗಂಡನ್ನ ಫ್ರಿಜ್‌ನಲ್ಲಿಟ್ರೆ ಇನ್ನೊಂದು ಸಲ ಕೂಡಿಸಬಹುದು. ಹೆಣ್ಣಿಗೆ ಉಚ್ಚೆ ಮಾಡಿಸಿ ಹಾಳೆ ಮೇಲೆ ಬಿಟ್ಟು ಒಂದೊಂದಕ್ಕೂ ಕಪ್ಪು ಬಣ್ಣದ ಲೋಟದಂಥ ಮುಚ್ಚಳ, ಅಂದ್ರೆ ಸೆಲ್ಯೂಲು, ಮುಚ್ಚಿದ್ರೆ ಕತ್ತಲಲ್ಲಿ ಒಂದು ದಿನದೊಳಗೆ 400ರ ಆಸುಪಾಸು ಇಡುತ್ತೆ. ಗಂಡು ಸರಿಯಾಗಿ ಕೂಡದೇ ಇದ್ದಿದ್ರೆ ಗೊತ್ತಾಗುತ್ತೆ, ಆ ಮೊಟ್ಟೆ ಒಡೆಯಲ್ಲ, ಒಣಗಿ ಕುಸಿದು ಹೋಗುತ್ತೆ.

ಮೊಟ್ಟೆ ಇಟ್ಟಾದ್ಮೇಲೆ ತಾಯಿನ ಅರೆದು ಮೈಕ್ರೋಸ್ಕೋಪಲ್ಲಿ ನೋಡ್ತೀವಿ. ಗಂಟುರೋಗ (ಪೆಬ್ರಿನ್) ಅನ್ನೋ ರೇಷ್ಮೆಹುಳದ ಕಾಯಿಲೆಯ ಸ್ಪೋರು, ಅಂದ್ರೆ ರೋಗ ಹರಡೋ ಸೂಕ್ಷ್ಮ ಕಣ, ತಾಯಿಯಿಂದ ಮೊಟ್ಟೆ ಒಳಗೇ ಹೋಗಿ ಕೂತ್ಕೊಳ್ಳುತ್ತೆ, ಮೊಟ್ಟೆ ಮೇಲಿಂದ ಎಷ್ಟು ತೊಳೆದ್ರೂ ಹೋಗಲ್ಲ. ತಾಯಿನ ಪರೀಕ್ಷೆ ಮಾಡೋ ಈ ಪದ್ಧತಿ 1860ರ ದಶಕದಲ್ಲಿ ಫ್ರಾನ್ಸಲ್ಲಿ ಲೂಯಿ ಪಾಶ್ಚರ್ ಮಾಡಿಟ್ಟಿದ್ದು, ಇವತ್ತಿಗೂ ನಾವು ಅದನ್ನೇ ಮಾಡ್ತಿರೋದು. ಉದ್ದುದ್ದ ಮೊಟ್ಟೆ ಆಕಾರದಲ್ಲಿ ಹೊಳೆಯೋ ಸ್ಪೋರು ಕಂಡ್ರೆ ಚರ್ಚೆ ಇಲ್ಲ, ಹಾಳೆ ಸಮೇತ ಸುಡೋದೇ, ಮೇಲಿನವರು ಎಷ್ಟೇ ಮುಖ ಊದಿಸ್ಕೊಂಡ್ರೂ ಸರಿ.