ನಿಂಬೆಗೆ ಬೆಳ್ಳುಳ್ಳಿ ಮದ್ದು

2025 ಜೂನ್ 8, ಭಾನುವಾರ
ಕಟಪಾಡಿ, ಉಡುಪಿ

ಬೆಳಿಗ್ಗೆ ನೀರುದೋಸೆಗೆ ಬೆಳ್ಳುಳ್ಳಿ ವಾಸನೆ. ಅಮ್ಮ ಏನೂ ಹೇಳಲಿಲ್ಲ. ಮಿಕ್ಸಿ ಜಾರನ್ನು ಒಮ್ಮೆ ಮೂಸಿ ನನ್ನ ಮುಂದೆ ಇಟ್ಟರು. ನಿನ್ನೆ ಸಂಜೆ ಅದರಲ್ಲಿ 100 ಗ್ರಾಂ ಬೆಳ್ಳುಳ್ಳಿ ಅರೆದವನು ನಾನೇ, ಸರಿಯಾಗಿ ತೊಳೆಯದವನೂ ನಾನೇ.

ಅರೆದದ್ದು ಬಾವಿಕಟ್ಟೆ ಪಕ್ಕದ ನಿಂಬೆ ಗಿಡಕ್ಕೆ. ಅದಕ್ಕೆ ಕಜ್ಜಿ ರೋಗ. ಎಲೆ ಮೇಲೆ ಕಂದು ಬೊಕ್ಕೆ, ಬೆರಳಾಡಿಸಿದರೆ ಪಾಲಿಶ್ ಪೇಪರಿನ ಹಾಗೆ ತರಿತರಿ. ಬೆಳಕಿಗೆ ಹಿಡಿದರೆ ಬೊಕ್ಕೆ ಸುತ್ತ ಹಳದಿ ಉಂಗುರ. ಇದು ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಮಳೆ ಹನಿ ಸಿಡಿದಲ್ಲೆಲ್ಲ ಅದೂ ಹೋಗುತ್ತದೆ. ನಮ್ಮೂರಲ್ಲಿ ಮಳೆಗೇನು ಬರವೇ? ಈ ಸಲವಂತೂ ಮೇ ಮುಗಿಯುವ ಮೊದಲೇ ಹಿಡಿಯಿತು.

ಕಳೆದ ವರ್ಷದ ಪೆದ್ದುತನವನ್ನೂ ಬರೆದಿಡುತ್ತೇನೆ. ರೋಗದ ಗೆಲ್ಲುಗಳನ್ನು ಹಾಗೇ ಬಿಟ್ಟು ಸುಮ್ನೆ ವಾರವಾರ ಬೆಳ್ಳುಳ್ಳಿ ನೀರು ಹೊಡೆದೆ. ಒಂದು ಬೊಕ್ಕೆಯೂ ಮಾಯಲಿಲ್ಲ. ಮಾಯುವುದೂ ಇಲ್ಲ. ಇಂಥ ರಸ ಎಲೆ ಮೇಲೆ ಕೂತ ಬ್ಯಾಕ್ಟೀರಿಯಾವನ್ನು ತಡೆದರೆ ತಡೆದೀತು, ಒಳಹೊಕ್ಕದ್ದಕ್ಕೆ ತಾಗುವುದಿಲ್ಲ. ಮೇಲಾಗಿ ಬ್ಯಾಕ್ಟೀರಿಯಾವನ್ನು ತಡೆಯುವ ಅಲಿಸಿನ್ ಎಂಬ ಅಂಶ ಬೆಳ್ಳುಳ್ಳಿಯಲ್ಲಿ ಹುಟ್ಟುವುದೇ ಜಜ್ಜಿದಾಗ. ಇಟ್ಟಷ್ಟೂ ಅದರ ಸತ್ವ ಹೋಗುತ್ತದೆ. ನಾನೋ, ಒಂದೇ ಸಲ ಅರೆದು ಬಾಟಲಿಯಲ್ಲಿ ತುಂಬಿಟ್ಟಿದ್ದೆ! ಉಳಿದದ್ದು ವಾಸನೆ ಮಾತ್ರ.

ಈ ಸಲ ಏಪ್ರಿಲ್‌ನಲ್ಲೇ ಕಜ್ಜಿ ಗೆಲ್ಲು ಕಡಿದು ಸುಟ್ಟೆ. ಗಿಡ ಬೋಳಾಯಿತೆಂದು ಅಮ್ಮನಿಗೆ ಸಿಟ್ಟು ಬಂದಿತ್ತು. ಈಗ ಚಿಗುರು ಬಂದಿದೆ. ನಿನ್ನೆ ಮಳೆ ಹೊಳವಾದಾಗ ಬೆಳ್ಳುಳ್ಳಿಗೆ ಒಂದು ಲೀಟರ್ ನೀರು ಸೇರಿಸಿ, ಹಳೆ ಬೈರಾಸಿನಲ್ಲಿ ಸೋಸಿ, ಎರಡು ಹನಿ ಸೋಪು ಹಾಕಿ ಹೊಡೆದೆ. ರಂಗೋಲಿ ಹುಳಕ್ಕೆ ಬೇವಿನ ಹಿಂಡಿ ನೀರು ಬೇರೆ, ಲೀಟರಿಗೆ 50 ಗ್ರಾಂ, ರಾತ್ರಿಯಿಡೀ ನೆನೆಸಿದ್ದು. ಆ ಹುಳ ಎಲೆ ಕೊರೆದ ಗಾಯದಲ್ಲೇ ರೋಗ ಸಲೀಸಾಗಿ ನುಗ್ಗುವುದು.

ಅಡಿಕೆಗೆ ಮದ್ದು ಬಿಡಿಸುತ್ತಿದ್ದ ಪಕ್ಕದ ತೋಟದವರು ಬೇಲಿಯಾಚೆಯಿಂದ ನಕ್ಕರು. "ಬೆಳ್ಳುಳ್ಳಿಗೆ ಎಷ್ಟು ರೇಟು ಗೊತ್ತುಂಟಾ ಮಾರಾಯ್ರೆ? ಒಂದು ಕೊಡಪಾನ ಬೋರ್ಡೋ ಕೊಡ್ತೇನೆ, ಹೊಡೀರಿ." ಬೋರ್ಡೋ ಅಂದರೆ ಅಡಿಕೆಗೆ ಹೊಡೆಯುವ ಅದೇ ಮದ್ದು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದು ಎಲೆಗೆ ಅಂಟಿ ಕೂರುತ್ತದೆ, ನನ್ನ ರಸ ಒಂದು ಜಡಿಮಳೆಗೆ ತೊಳೆದುಹೋಗುತ್ತದೆ. ಸುಳ್ಳು ಹೇಳಿ ಏನು, ಆಸೆಯಾಯಿತು. ರಸ್ತೆ ಕಡೆಯ ಗೆಲ್ಲುಗಳಿಗೆ ನಾಳೆ ಅದನ್ನೇ ಹೊಡೆಯುತ್ತೇನೆ. ಬಾವಿ ನೀರಿಗೆ ಮೈಲುತುತ್ತು ಬೀಳುವುದು ಬೇಡ, ಆ ಕಡೆಗೆ ಬೆಳ್ಳುಳ್ಳಿಯೇ ಇರಲಿ.

ಬೊಕ್ಕೆ ಬಿದ್ದ ಕಾಯಿ ಎಸೆಯಲು ಅಮ್ಮ ಬಿಡಲಿಲ್ಲ. "ಸಿಪ್ಪೆಗೆ ಅಲ್ವಾ ಕಜ್ಜಿ, ರಸಕ್ಕೆ ಏನಾಗಿದೆ?" ಏನೂ ಆಗಿಲ್ಲ, ನಿಜ. ಮಧ್ಯಾಹ್ನ ಕೋಸಂಬರಿಗೆ ಹಿಂಡಿದರು. ಉಳಿದ ಸಿಪ್ಪೆ ನನ್ನ ಕೈಗೆ ಬಂತು, ಜೊತೆಗೆ ಮಿಕ್ಸಿ ಜಾರು.